ಕುಂಬಳಕಾಯಿ ಇನ್ನೂ ಬಳ್ಳಿಯಲ್ಲೇ ಇದೆ

ಹೋದ ಭಾನುವಾರ ಚಿತ್ರದುರ್ಗದ ಕೋಟೆ ಹತ್ತಿರ ಒಂದು ಪೆಂಡಾಲ್ ಎದ್ದಿತ್ತು. ಮದುವೆ ಅಂದುಕೊಂಡು ಒಳಗೆ ನುಗ್ಗಿದ ಇಬ್ಬರು, ಊಟ ಇಲ್ಲ ಅಂತ ಗೊತ್ತಾಗಿ ವಾಪಸ್ ಬಂದರು. ಅದು ಸಿನಿಮಾ ನಿರ್ದೇಶಕರೊಬ್ಬರ ಪತ್ರಿಕಾಗೋಷ್ಠಿ. ಅವರ ಹೆಸರು ಬೇಡ ಬಿಡಿ. ಬರೆದರೆ ಅದನ್ನೂ ಕತ್ತರಿಸಿ ಪೋಸ್ಟರ್ ಮಾಡಿಕೊಳ್ಳುತ್ತಾರೆ.

ನಿರ್ದೇಶಕರ ಕೈಯಲ್ಲಿ ಸದ್ಯ ಏಳು ಸಿನಿಮಾ ಇವೆ. ಏಳುಸುತ್ತಿನ ಕೋಟೆಯ ಲೆಕ್ಕಕ್ಕೆ ಸರಿಯಾಗಿ ಏಳು. ಒಂದಕ್ಕೆ ಟೈಟಲ್ ಬಂದಿದೆ. ಇನ್ನೊಂದಕ್ಕೆ ಟೈಟಲ್ ಯಾವತ್ತು ಬರುತ್ತೆ ಅನ್ನೋ ಪೋಸ್ಟರ್ ಬಂದಿದೆ. ಮೂರನೆಯದಕ್ಕೆ ಆ ಪೋಸ್ಟರ್ ಬರುವ ದಿನ ತಿಳಿಸುವ ವಿಡಿಯೋ ಬಂದಿದೆ. ಸಿನಿಮಾದವರ ಪದ್ಧತಿ ಗೊತ್ತಲ್ವಾ? ಮುಹೂರ್ತಕ್ಕೆ ತೆಂಗಿನಕಾಯಿ, ಚಿತ್ರೀಕರಣ ಮುಗಿದ ದಿನ ಕುಂಬಳಕಾಯಿ. ಇವರ ಮುಹೂರ್ತಗಳಲ್ಲಿ ಒಡೆದ ಕಾಯಿಯನ್ನೆಲ್ಲ ಕೂಡಿಟ್ಟಿದ್ದರೆ ದಾವಣಗೆರೆಯ ಬೆಣ್ಣೆದೋಸೆ ಹೋಟೆಲ್‌ಗಳಿಗೆ ಒಂದು ವಾರದ ಚಟ್ನಿ ಆಗುತ್ತಿತ್ತು. ಕುಂಬಳಕಾಯಿ ಮಾತ್ರ ಇನ್ನೂ ಬಳ್ಳಿಯಲ್ಲೇ ಇದೆ.

ಈಗ ಕೋಟೆಗೆ ಎಂಟನೇ ಸುತ್ತು. ಸೂಪರ್‌ಹೀರೋ ಸಿನಿಮಾ.

"ನಾನು ಸಿನಿಮಾ ಮಾಡ್ತಿಲ್ಲ, ಯೂನಿವರ್ಸ್ ಕಟ್ತಿದೀನಿ" ಅಂದರು. ಆಮೇಲೆ ಅಮೆರಿಕದ ಕಾಮಿಕ್ಸ್ ಇತಿಹಾಸ ಶುರುವಾಯಿತು. 1938ರಲ್ಲಿ ಸೂಪರ್‌ಮ್ಯಾನ್ ಬಂದ. ಮರುವರ್ಷ ಬ್ಯಾಟ್‌ಮ್ಯಾನ್. 1962ರಲ್ಲಿ ಸ್ಪೈಡರ್‌ಮ್ಯಾನ್. ನಮಗೆ ಮಾತ್ರ ಯಾಕಿಲ್ಲ ಅಂತ ಕೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಬಿಸಿಲಿಗೂ ಇರಬಹುದು.

ಅವರು ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದವರು ಜೆರ್ರಿ ಸೀಗಲ್, ಜೋ ಶುಸ್ಟರ್ ಅನ್ನೋ ಇಬ್ಬರು ಹುಡುಗರು. ಕತೆ ಬರೆದು, ಚಿತ್ರ ಬಿಡಿಸಿ, ಕೈಗೆ ಕೊಟ್ಟ ಮೇಲೆ ಅವರಿಗೆ ಹಕ್ಕಿನ ಬಾಬ್ತು ಸಿಕ್ಕಿದ್ದು 130 ಡಾಲರ್. ಪಾಪ, ಮೊದಲು ಕೆಲಸ ಮುಗಿಸಿಬಿಟ್ಟರು. ಅಲ್ಲೇ ಎಡವಿದ್ದು. ನಮ್ಮ ನಿರ್ದೇಶಕರು ಒಂದು ಹಾಳೆ ಬರೆಯೋ ಮೊದಲೇ ಮೂರು ಜನ ನಿರ್ಮಾಪಕರಿಗೆ ಶಾಲು ಹೊದಿಸಿದ್ದಾರೆ.

ಪತ್ರಕರ್ತರೊಬ್ಬರು ಕೆಣಕಿದರು. "ಸಾರ್, ಮಾರ್ವೆಲ್ ಚಿತ್ರಗಳು ಸಿನಿಮಾನೇ ಅಲ್ಲ, ಥೀಮ್ ಪಾರ್ಕ್ ಇದ್ದಂಗೆ ಅಂತ 2019ರಲ್ಲಿ ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಹೇಳಿದ್ರಲ್ಲ?"

ನಿರ್ದೇಶಕರು ಎರಡು ನಿಮಿಷ ಯೋಚಿಸಿದರು. "ಥೀಮ್ ಪಾರ್ಕ್ ಒಳ್ಳೆ ಐಡಿಯಾ. ಅದನ್ನೂ ಇವತ್ತೇ ಅನೌನ್ಸ್ ಮಾಡೋಣ." ಪಕ್ಕದಲ್ಲಿದ್ದವನು ಬರೆದುಕೊಂಡ.

ಕತೆಯ ಎಳೆ ಹೀಗಿದೆ. ಕೋಟೆ ಮೇಲೆ ಉಲ್ಕೆ ಬೀಳುತ್ತೆ. ಅದರಿಂದ ಒಂದು ಒನಕೆ ಆಗುತ್ತೆ. ಥಾರ್‌ನ ಸುತ್ತಿಗೆ ಇದೆಯಲ್ಲ, ಯೋಗ್ಯತೆ ಇದ್ದವರು ಮಾತ್ರ ಎತ್ತಬಲ್ಲದ್ದು, ಹಾಗೇ ಈ ಒನಕೆ. ಇನ್ನೂರು ಚಿಲ್ಲರೆ ವರ್ಷ ಆದಮೇಲೆ ಅದು ಜಿಮ್‌ಗೆ ಹೋಗುವ ಒಬ್ಬ ಹುಡುಗನ ಕೈಗೆ ಸಿಗುತ್ತೆ.

"ಓಬವ್ವ ಎಲ್ಲಿ ಬರ್ತಾಳೆ ಸಾರ್?"

"ಫ್ಲ್ಯಾಷ್‌ಬ್ಯಾಕ್‌ನಲ್ಲಿ. ನಾಲ್ಕು ನಿಮಿಷ."

ಗಂಡ ಊಟಕ್ಕೆ ಕೂತಿದ್ದಾಗ, ನೀರು ತರಲು ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಎತ್ತಿದಳು ಅಂತ ನಾವು ಕೇಳಿ ಬೆಳೆದವರು. ಅವಳಿಗೆ ಉಲ್ಕೆ ಬಿದ್ದಿರಲಿಲ್ಲ, ಜೇಡ ಕಚ್ಚಿರಲಿಲ್ಲ. ಅದೇ ಸಮಸ್ಯೆ ಅಂತೆ. ಪವರ್ ಎಲ್ಲಿಂದ ಬಂತು ಅಂತ ತೋರಿಸದಿದ್ದರೆ ಮುಂಬೈ ಮಾರ್ಕೆಟ್ ಒಪ್ಪಲ್ಲ.

ಪೆಂಡಾಲ್ ನೆರಳಿಗೆ ಬುಟ್ಟಿ ಇಟ್ಟುಕೊಂಡು ಸೌತೆಕಾಯಿ ಮಾರುತ್ತಿದ್ದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೌತೆಕಾಯಿ ಸೀಳಿ, ಖಾರ ಉಪ್ಪು ಸವರುತ್ತಲೇ ಅಂದರು: "ಒನಕೆ ಎತ್ತಾಕೆ ಅದೇನ್ ಯೋಗ್ಯತೆನಪ್ಪಾ? ನಾನ್ ಮದ್ವೆಯಾಗಿ ಬಂದ ಮೂರನೇ ದಿನಕ್ಕೇ ನಮ್ಮತ್ತೆ ಕೈಗೆ ಕೊಟ್ರು. ಐದು ಸೇರು ಖಾರ ಕುಟ್ಟಿದೀನಿ."

ಎಲ್ಲರೂ ನಕ್ಕರು. ನಿರ್ದೇಶಕರು ಅಜ್ಜಿ ಜೊತೆ ಸೆಲ್ಫಿ ತೆಗೆಸಿಕೊಂಡರು. ಸೌತೆಕಾಯಿ ದುಡ್ಡು ಕೊಟ್ಟಿದ್ದು ಪತ್ರಕರ್ತರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ರೈತರು ಎದ್ದು ನಿಂತರು. "ಸಾರ್, ನಿಮ್ಮ ಹೀರೋ ಭದ್ರಾ ನೀರು ತರ್ತಾನಾ?"

ದುರ್ಗದಲ್ಲಿ ಪ್ರಾಜೆಕ್ಟ್ ಅಂದರೆ ಸಿನಿಮಾ ಅಲ್ಲ, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ಅಂತ ಘೋಷಣೆ ಆಗಿತ್ತು. ಆ ಮೊತ್ತ ನಮಗೆ ಮಗ್ಗಿಯ ಹಾಗೆ ಬಾಯಿಪಾಠ. ದಾವಣಗೆರೆಯಿಂದ ದುರ್ಗದ ಮೇಲೆ ತುಮಕೂರಿಗೆ ನೇರ ರೈಲು ಅನ್ನೋದನ್ನು ಕೇಳಿಕೊಂಡೇ ಒಂದು ತಲೆಮಾರಿನ ಮಕ್ಕಳು ಡಿಗ್ರಿ ಮುಗಿಸಿದ್ದಾರೆ. ಟೀಸರ್ ನೋಡಿ ಚಪ್ಪಾಳೆ ತಟ್ಟುವುದನ್ನು ನಮಗೆ ಗಾಂಧಿನಗರದವರು ಹೇಳಿಕೊಡಬೇಕಾಗಿಲ್ಲ.

"ನೀರು ಪಾರ್ಟ್ ಟೂನಲ್ಲಿ ಬರುತ್ತೆ" ಅಂದರು ನಿರ್ದೇಶಕರು. ರೈತರು ತಲೆಯಾಡಿಸಿ ಕೂತರು. ಈ ಉತ್ತರ ಅವರಿಗೆ ಹೊಸದಲ್ಲ.

ಕೊನೆಗೆ ಫಸ್ಟ್ ಲುಕ್. ಹೀರೋ ಬಂದ. ಮೈಗಂಟಿದ ನೀಲಿ ಬಟ್ಟೆ, ಎದೆ ಭುಜಕ್ಕೆಲ್ಲ ಸ್ಪಂಜು ತುಂಬಿಸಿದ ಮಾಂಸಖಂಡ, ಬೆನ್ನಿಗೆ ಕೆಂಪು ಮೇಲುವಸ್ತ್ರ, ಪ್ಯಾಂಟಿನ ಮೇಲೆ ಚಡ್ಡಿ. ಸೂಪರ್‌ಮ್ಯಾನ್ ಕಾಮಿಕ್ಸ್‌ನವರೇ 2011ರಲ್ಲಿ ಚಡ್ಡಿ ತೆಗೆದು, 2018ರಲ್ಲಿ ಮತ್ತೆ ಹಾಕಿದರು, ಹಾಗಾಗಿ ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ದುರ್ಗದ ಗಾಳಿ ಸುಮ್ನೆ ಬಿಡುತ್ತಾ? ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಗಾಳಿ ಅದು. ಮೇಲುವಸ್ತ್ರ ಹಾರಿ ಹೀರೋ ಮುಖಕ್ಕೇ ಸುತ್ತಿಕೊಂಡಿತು. ಇಬ್ಬರು ಬಿಡಿಸಿದರು.

ಓಬವ್ವನ ಕಿಂಡಿಯಿಂದ ಹೀರೋ ಹೊರಬರುವ ಶಾಟ್ ಬೇಕು ಅಂತಾಯಿತು. ಹುಡುಗ ತಲೆ ತೂರಿಸಿದ. ಒಂದು ಕೈ ಬಂತು. ಭುಜದ ಸ್ಪಂಜು ಬರಲಿಲ್ಲ. ಆ ಕಡೆಯಿಂದ ತಳ್ಳಿದರು, ಈ ಕಡೆಯಿಂದ ಎಳೆದರು. ಅರ್ಧ ಗಂಟೆ ಆದಮೇಲೆ ಹೀರೋ ಬಂದ, ಎಡಗಡೆ ಎದೆ ಅಲ್ಲೇ ಉಳಿಯಿತು. ಅದನ್ನು ಒಂದು ಕೋತಿ ಎತ್ತಿಕೊಂಡು ಬಂಡೆ ಹತ್ತಿತು.

ಪಕ್ಕದಲ್ಲಿ ನಿಂತಿದ್ದ ಗೈಡ್ ನಿಟ್ಟುಸಿರುಬಿಟ್ಟರು. "ಹೈದರಾಲಿ ಕಡೆಯವರೇ ವಾಸಿ ಸಾರ್. ಅಡ್ರೆಸ್ ಕೇಳದೆ, ಸದ್ದು ಮಾಡದೆ, ಒಬ್ಬೊಬ್ಬರಾಗಿ ಬಂದಿದ್ರು."