ವೇಗದ ಅಂಕಿ ನೋಡಿ ತೋಟಾ ಆರಿಸಬೇಡಿ

ಪ್ರೇರಿ ಡಾಗ್ (ಅಮೆರಿಕದ ಬಯಲಲ್ಲಿ ಬಿಲ ತೋಡುವ ಅಳಿಲಿನಂಥ ಪ್ರಾಣಿ), ನೆಲ ಅಳಿಲು, ಕಯೋಟಿ (ತೋಳದಂಥ ಚಿಕ್ಕ ಕಾಡುನಾಯಿ) ಇವುಗಳ ಬೇಟೆಗೆ ಯಾವ ತೋಟಾ ಅಂತ ಮಾತು ಬಂದರೆ ಸಾಕು, ಸೆಕೆಂಡಿಗೆ 4,000 ಅಡಿ ವೇಗದ ಹೊಗಳಿಕೆ ಶುರುವಾಗುತ್ತದೆ. ಮೊದಲು ಕೇಳಬೇಕಾದದ್ದು ಬೇರೆ. ಎಷ್ಟು ದೂರಕ್ಕೆ ಹೊಡೆಯುತ್ತೀರಿ? ಒಂದೇ ಸಮನೆ ಎಷ್ಟು ಗುಂಡು ಹಾರಿಸುತ್ತೀರಿ? ಬ್ಯಾರೆಲ್ಲಿನ ಟ್ವಿಸ್ಟ್ ಎಷ್ಟು, ಅಂದರೆ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ?

150 ಗಜದೊಳಗಿನ ಅಳಿಲಿಗೆ .17 ಎಚ್‌ಎಂಆರ್ ಎಂಬ ಪುಟ್ಟ ತೋಟಾ ಧಾರಾಳ ಸಾಕು (ಹೆಸರಿನ ಅಂಕಿ ಇಂಚಿನಲ್ಲಿ ಗುಂಡಿನ ಸುಮಾರು ಅಗಲ). 17 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ಗುಂಡು, 2,550 ಅಡಿ ವೇಗ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಾಳಿಗೆ ತಡೆಯುವುದಿಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ 200 ಗಜದಲ್ಲಿ ಒಂದಡಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಅದೇ ಗಾಳಿಯಲ್ಲಿ .223ರ 55 ಗ್ರೇನ್ ಗುಂಡು ಸರಿಯುವುದು ಸುಮಾರು 4 ಇಂಚು. ಕಯೋಟಿಗಂತೂ ಎಚ್‌ಎಂಆರ್ ಬೇಡವೇ ಬೇಡ, ಗಾಯಗೊಂಡು ಓಡಿದ ಪ್ರಾಣಿ ಎಲ್ಲೋ ನರಳಿ ಸಾಯುತ್ತದೆ.

ಒಂದೇ ರೈಫಲ್ ಇಟ್ಟುಕೊಳ್ಳುವವರಿಗೆ ನನ್ನ ಮಾತು .223 ರೆಮಿಂಗ್ಟನ್. ಒಂದು ತೋಟಾಕ್ಕೆ ಹಿಡಿಯುವ ಮದ್ದು ಹೆಚ್ಚುಕಡಿಮೆ 26 ಗ್ರೇನ್. ಒಂದು ಪೌಂಡ್ ಎಂದರೆ 7,000 ಗ್ರೇನ್, ಸುಮಾರು 270 ತೋಟಾ ಆಗುತ್ತವೆ. .22-250ಕ್ಕೆ 36 ಗ್ರೇನ್ ಆಸುಪಾಸು ಬೇಕು, 200 ತುಂಬುವುದೂ ಕಷ್ಟ. ಖರ್ಚಿಗಿಂತ ದೊಡ್ಡದು ಬಿಸಿ. ಅಷ್ಟೇ ಅಗಲದ ನಳಿಗೆಯಲ್ಲಿ ಹೆಚ್ಚು ಮದ್ದು ಉರಿದರೆ ಛೇಂಬರಿನ (ತೋಟಾ ಕೂರುವ ಗೂಡು) ಮುಂದಿನ ಗಂಟಲು ಬೇಗ ಸವೆದು ಗುರಿ ಕೆದರುತ್ತದೆ. ದಿನಕ್ಕೆ ಎರಡು ಮೂರು ಕಯೋಟಿ ಹೊಡೆಯುವವರಿಗೆ .22-250 ಭರ್ಜರಿ ತೋಟಾ. ನೂರಾರು ಗುಂಡು ಹಾರುವ ಪ್ರೇರಿ ಡಾಗ್ ಬಯಲಿಗೆ ಅಲ್ಲ. ಯಾವುದೇ ರೈಫಲ್ ಆಗಲಿ, ಬ್ಯಾರೆಲ್ ಮೇಲೆ ಕೈ ಇಡಲಾಗದಷ್ಟು ಕಾದರೆ ಬೋಲ್ಟ್ (ಛೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ತೆರೆದು ಆರಲು ಬಿಡಿ.

ಬಹಳ ಜನ ಎಡವುವುದು ಟ್ವಿಸ್ಟ್‌ನಲ್ಲಿ. ವೇಗವನ್ನು 720ರಿಂದ ಗುಣಿಸಿ, ಟ್ವಿಸ್ಟ್ ಇಂಚಿನಿಂದ ಭಾಗಿಸಿದರೆ ಗುಂಡು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂದು ಸಿಗುತ್ತದೆ. 3,300 ಅಡಿ ವೇಗ, 7 ಇಂಚಿಗೊಂದು ಸುತ್ತು ಎಂದರೆ ಸುಮಾರು 3,39,000. ತೆಳು ಜಾಕೆಟ್ಟಿನ (ಗುಂಡಿನ ಲೋಹದ ಹೊರಹೊದಿಕೆ) 40 ಗ್ರೇನ್ ಗುಂಡು ಆ ತಿರುಗುವ ವೇಗಕ್ಕೆ ಗಾಳಿಯಲ್ಲೇ ಸಿಡಿಯಬಹುದು. ಗುರಿಹಲಗೆಯ ಮೇಲೆ ತೂತೇ ಇಲ್ಲ, ದಾರಿಯಲ್ಲಿ ಬೂದು ಗೆರೆ ಕಂಡಿತು ಅಂದರೆ ಕಾರಣ ಇದೇ. 12 ಅಥವಾ 9 ಇಂಚಿನ ಟ್ವಿಸ್ಟ್ ಈ ಹಗುರ ಗುಂಡಿಗೆ ಸರಿ. ತದ್ವಿರುದ್ಧವಾಗಿ, ಹಳೆಯ .22-250ಗಳ 14 ಇಂಚಿನ ಟ್ವಿಸ್ಟ್ 55 ಗ್ರೇನ್ ದಾಟಿದ ಉದ್ದನೆಯ ಗುಂಡನ್ನು ನೆಟ್ಟಗೆ ಹಿಡಿಯುವುದಿಲ್ಲ, ಹಲಗೆಯಲ್ಲಿ ಅಡ್ಡತೂತು ಬೀಳುತ್ತದೆ.

.204 ರೂಗರ್ 2004ರಲ್ಲಿ ಬಂತು, 40 ಗ್ರೇನ್ ಗುಂಡಿಗೆ 3,900 ಅಡಿ ವೇಗ. ಒದೆತ ಕಡಿಮೆಯಾದ್ದರಿಂದ ಗುಂಡು ಬಿದ್ದ ಜಾಗದ ಧೂಳು ಸ್ಕೋಪಿನಲ್ಲೇ ಕಾಣುತ್ತದೆ, ಮುಂದಿನ ಗುಂಡನ್ನು ಅಲ್ಲೇ ತಿದ್ದಬಹುದು. ಇದು ನಿಜಕ್ಕೂ ದೊಡ್ಡ ಅನುಕೂಲ. ಒಂದು ತೊಡಕು: .22ರ ಕ್ಲೀನಿಂಗ್ ರಾಡ್ (ನಳಿಗೆ ಒರೆಸುವ ಕಡ್ಡಿ) ಇದರೊಳಗೆ ಹೋಗುವುದಿಲ್ಲ, ತೆಳ್ಳನೆಯದು ಬೇರೆ ಬೇಕು.

ನೋಡಲು .223ರಂತೆಯೇ ಇರುವ ಸೈನ್ಯದ 5.56 ತೋಟಾವನ್ನು .223 ಎಂದಷ್ಟೇ ಬರೆದ ಛೇಂಬರಿಗೆ ಹಾಕಬೇಡಿ, ಒತ್ತಡ ಮಿತಿ ಮೀರಬಹುದು. ಪೂರ್ತಿ ಜಾಕೆಟ್ಟಿನ ಸೈನ್ಯದ ಗುಂಡು ಅಗ್ಗವೆಂದು ತರಲೂ ಬೇಡಿ. ಬೇಟೆಯ ತೆಳು ಗುಂಡು ಸಾಮಾನ್ಯವಾಗಿ ನೆಲಕ್ಕೆ ತಾಗಿದೊಡನೆ ಪುಡಿಯಾಗುತ್ತದೆ. ಸೈನ್ಯದ ಗುಂಡು ಕಲ್ಲಿಗೆ ಬಡಿದು ಚಿಮ್ಮಿ ಎತ್ತಲೋ ಹಾರುತ್ತದೆ, ಆ ದಿಕ್ಕಿನಲ್ಲಿ ದನವಿದೆಯೋ ಮನೆಯಿದೆಯೋ ಯಾರಿಗೂ ಗೊತ್ತಿರುವುದಿಲ್ಲ.