ಕೊಟ್ಟವರ ಹೆಸರು ಇರಲಿ, ಪಡೆದವರ ಮುಖ ಬೇಡ

ಅಹಮದಾಬಾದಿನ ಹಳೆಯ ಊರಿನಲ್ಲಿ ಪೋಳ್ ಎಂದು ಕರೆಯುವ ಇಕ್ಕಟ್ಟಾದ ಓಣಿಗಳಿವೆ. ಅಲ್ಲಲ್ಲಿ ಒಂದೊಂದು ಎತ್ತರದ ಕಂಬ, ಅದರ ಮೇಲೆ ಕೆತ್ತನೆಯ ಪುಟ್ಟ ಮಂಟಪ. ಚಬೂತರೊ ಎನ್ನುತ್ತಾರೆ, ಹಕ್ಕಿಗಳಿಗೆ ಕಾಳು ಹಾಕುವುದಕ್ಕೆಂದೇ ಕಟ್ಟಿಸಿದ್ದು. ಹುಬ್ಬಳ್ಳಿ ಬಿಟ್ಟು ಹೊಟ್ಟೆಪಾಡಿಗೆ ಇಲ್ಲಿ ನೆಲೆಸಿದ ನನಗೆ ಗುಜರಾತಿಗಳ ದಾನಬುದ್ಧಿಯ ಮೇಲೆ ಗೌರವ ಮೂಡಿದ್ದು ಇವುಗಳನ್ನು ನೋಡಿ. ಬೆಕ್ಕಸ ಬೆರಗಾದದ್ದು ಮಾತ್ರ ಇಲ್ಲಿನ ಅಮೃತಶಿಲೆಯ ಫಲಕಗಳಿಗೆ. ಕುಡಿಯುವ ನೀರಿನ ಪರಬ್, ಆಸ್ಪತ್ರೆಯ ಕೊಠಡಿ, ಉದ್ಯಾನದ ಬೆಂಚು, ಎಲ್ಲದರ ಮೇಲೂ ಯಾರದೋ ಸ್ಮರಣಾರ್ಥ ಯಾರೋ ಕೊಟ್ಟದ್ದು ಎಂಬ ಬರಹ. ಬೆಂಚಿನ ಮೇಲೆ ಯಾರ ಋಣದಲ್ಲಿ ಕೂರುತ್ತಿದ್ದೇವೆಂದು ಓದಿಕೊಂಡೇ ಕೂರಬೇಕು.

ಊರಿನಿಂದ ಬಂದ ನೆಂಟರು ಇದನ್ನು ಕಂಡು ನಗುತ್ತಾರೆ. ನಾವು ಕೊಟ್ಟದ್ದನ್ನು ಹೇಳಿಕೊಳ್ಳುವವರಲ್ಲ ಎಂಬ ಹೆಮ್ಮೆ ಅವರದು. ಆ ಹೆಮ್ಮೆ ಅಷ್ಟು ನಿಜವಲ್ಲ. ಗದಗದ ಮಗ್ಗುಲಲ್ಲೇ ಇರುವ ಲಕ್ಕುಂಡಿಯ ಬ್ರಹ್ಮಜಿನಾಲಯಕ್ಕೆ ಹೋದರೆ 1007ರ ಶಾಸನ ಸಿಗುತ್ತದೆ. ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೊಗಳಿಕೆ ಅದರಲ್ಲಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಅವಳು. ದಾನಚಿಂತಾಮಣಿ ಎಂದೇ ಹೆಸರಾದವಳು. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಭೂಮರಡ್ಡಿಯವರ ಹೆಸರಿನಲ್ಲೇ ಬೆಳೆಯಿತು. ಈ ಹೆಸರುಗಳು ಕಲ್ಲಿನ ಮೇಲೆ, ಕಟ್ಟಡದ ಮೇಲೆ ಇದ್ದ ಮಾತ್ರಕ್ಕೆ ಆ ದಾನಗಳಿಗೆ ಕುಂದು ಬಂದಿತೇ? ಹೆಸರು ಒಂದು ಬಗೆಯಲ್ಲಿ ಲೆಕ್ಕವೂ ಹೌದು. ಯಾರ ದುಡ್ಡು ಎಲ್ಲಿ ಹೋಯಿತು ಎಂಬುದು ನಾಲ್ಕು ಜನರ ಕಣ್ಣಿಗೆ ಬಿದ್ದಿರುತ್ತದೆ.

ನಿಷ್ಕಾಮ ದಾನದ ಮಾತು ಬಂದಾಗ ನಾವು ಕೊಡುವವನ ಮನಸ್ಸನ್ನೇ ಕೆದಕುತ್ತ ಕೂರುತ್ತೇವೆ. ಅವನಿಗೆ ಪುಣ್ಯದ ಆಸೆ ಇತ್ತೇ, ಕೀರ್ತಿಯ ಆಸೆ ಇತ್ತೇ ಎಂದು. ಒಬ್ಬನ ಮನಸ್ಸು ಇನ್ನೊಬ್ಬನಿಗೆ ಕಾಣುವುದಿಲ್ಲ, ಆ ವಿಚಾರಣೆ ಮುಗಿಯುವುದೂ ಇಲ್ಲ. ಪಡೆಯುವವನು ಹೇಗೆ ನಿಂತಿದ್ದಾನೆ ಎಂಬುದು ಮಾತ್ರ ಎಲ್ಲರಿಗೂ ಕಾಣುತ್ತದೆ. ನಾನು ನೋಡುವುದು ಅದನ್ನೇ.

ಲೆಕ್ಕವಿಟ್ಟು ಕೊಡುವುದು ಎರಡೂ ಕಡೆ ಇದೆ. ನಮ್ಮ ಮದುವೆಯ ಮುಯ್ಯಿಯನ್ನು ಚಪ್ಪರದ ಮೂಲೆಯಲ್ಲಿ ಕೂತವರು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಇಲ್ಲಿ ಚಾಂದ್ಲೊ ಎಂದು ಅದೇ ಕೆಲಸ ನಡೆಯುತ್ತದೆ. ಅದು ಕೈಗಡ, ತಿರುಗಿ ಕೊಡಲೇಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಅದನ್ನು ಯಾರೂ ದಾನವೆಂದು ಕರೆದುಕೊಳ್ಳುವುದಿಲ್ಲವಾದ್ದರಿಂದ ನನಗೆ ಅದರ ಬಗ್ಗೆ ತಕರಾರಿಲ್ಲ.

ದಾಸೋಹದ ಲೆಕ್ಕವೇ ಬೇರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಪ್ರಸಾದಕ್ಕೆ ಕೂತವನನ್ನು ಯಾವ ಊರು, ಯಾವ ಜಾತಿ, ಏಕೆ ಬಂದೆ ಎಂದು ಕೇಳುವುದಿಲ್ಲ. ಅಕ್ಕಿಯ ಚೀಲ ತಂದು ಇಳಿಸಿದ ಸಾವುಕಾರ, ಆ ಚೀಲ ಹೊತ್ತ ಹಮಾಲ, ಊರೂರು ಅಲೆಯುವ ಬೈರಾಗಿ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಕೊಟ್ಟವರು ಯಾರು, ಉಂಡವರು ಯಾರು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಇದು ಇನ್ನೂ ಸ್ಪಷ್ಟ. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಮಠಕ್ಕೆ ಬಂದು ರಾಶಿಯಾಗುತ್ತದೆ. ಒಮ್ಮೆ ರಾಶಿಗೆ ಬಿದ್ದ ಮೇಲೆ ಯಾವುದು ಗೌಡರ ಮನೆಯದು, ಯಾವುದು ಕೂಲಿಯವಳ ಮನೆಯದು ಎಂದು ಹೆಕ್ಕಿ ತೆಗೆಯಲು ಸಾಧ್ಯವೇ? ತಟ್ಟೆಗೆ ಬಂದದ್ದನ್ನು ಕರಿಂಡಿ ಹಚ್ಚಿಕೊಂಡು ತಿನ್ನುವುದಷ್ಟೇ. ಹೆಸರನ್ನು ಅಳಿಸಬೇಕೆಂದು ಅಲ್ಲಿ ಯಾರೂ ವ್ರತ ಹಿಡಿದಿಲ್ಲ. ರೊಟ್ಟಿಯ ರಾಶಿಯಲ್ಲಿ ಅದು ತಾನಾಗಿಯೇ ಕರಗುತ್ತದೆ.

ಕೊಡುವುದರಲ್ಲಿಯೂ ದುರಾಸೆ ಇರಬಹುದು ಎಂಬುದನ್ನು ಶರಣರು ಮೊದಲೇ ಕಂಡಿದ್ದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ದಾಸೋಹಕ್ಕೇ ತಂದದ್ದಲ್ಲವೇ ಎಂಬ ಸಮಜಾಯಿಷಿ ಅವಳಲ್ಲಿ ನಡೆಯಲಿಲ್ಲ. ಇಂದು ನಮ್ಮಲ್ಲಿ ಎಂಥ ದುಡ್ಡಾದರೂ ನಡೆಯುತ್ತದೆ, ತೇರಿಗೆ ಚಿನ್ನದ ಕಳಸವಾದರೆ ಸಾಕು.

ಪಡೆಯುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಸೌರಾಷ್ಟ್ರದ ವೀರಪುರದಲ್ಲಿ ಜಲಾರಾಮ್ ಬಾಪಾ ಮತ್ತು ಅವರ ಮಡದಿ ವೀರಬಾಯಿ 1820ರಲ್ಲಿ ಶುರು ಮಾಡಿದ ಸದಾವ್ರತ, ಅಂದರೆ ಬಂದವರಿಗೆಲ್ಲ ನಿತ್ಯ ಅನ್ನ ಹಾಕುವ ವ್ರತ, ಇಂದಿಗೂ ನಡೆಯುತ್ತಿದೆ. ಅಲ್ಲಿ 2000ನೆಯ ಇಸವಿಯ ಫೆಬ್ರುವರಿ 9ರಿಂದ ಕಾಣಿಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಊಟ ಉಂಟು, ಹುಂಡಿ ಇಲ್ಲ. ಗುಜರಾತಿ ಗೆಳೆಯರು ಇದನ್ನು ಅಭಿಮಾನದಿಂದ ಹೇಳುತ್ತಾರೆ, ಹೇಳಿಕೊಳ್ಳಬೇಕಾದದ್ದೇ. ಆದರೂ ನನ್ನ ಮನಸ್ಸು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೇ ವಾಲುತ್ತದೆ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ಸೀಮೆಯವರು, ಇಬ್ಬರಿಗೂ ಕಣ್ಣಿರಲಿಲ್ಲ. ಅಂಧ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುವುದಕ್ಕೆ ಅವರು ಜೋಳಿಗೆ ಹಿಡಿದರು, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಪುಟ್ಟರಾಜ ಅಜ್ಜನವರಿಗೆ ಜನ ಲೆಕ್ಕವಿಲ್ಲದಷ್ಟು ಸಲ ತುಲಾಭಾರ ಮಾಡಿದರು. ತಕ್ಕಡಿಯಲ್ಲಿ ತೂಗಿದ ನಾಣ್ಯವೆಲ್ಲ ಆಶ್ರಮದ ಮಕ್ಕಳ ಪಾಲಾಯಿತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ಇಂಥವರ ಮುಂದೆ ಕೊಡುವ ಕೈ ದೊಡ್ಡದು, ಒಡ್ಡುವ ಕೈ ಚಿಕ್ಕದು ಎಂಬ ಮಾತು ನಿಲ್ಲುವುದಿಲ್ಲ. ಸಂತೆಗೆ ಬಂದ ಮುದುಕಿಯ ಎಂಟಾಣೆಯನ್ನೂ ಜೋಳಿಗೆಗೆ ಹಾಕಿಸಿಕೊಂಡು ಅವಳನ್ನೂ ದಾಸೋಹಿಯಾಗಿಸುವುದು ಕಾಣಿಕೆಯನ್ನು ಬೇಡವೆನ್ನುವುದಕ್ಕಿಂತ ಕಷ್ಟದ ಸಾಧನೆ ಎಂದೇ ನನ್ನ ಎಣಿಕೆ.

ಸರಕಾರದ ಕಣ್ಣಿನಲ್ಲಿ ಇದ್ಯಾವುದೂ ದಾನವಲ್ಲ. ಆದಾಯ ತೆರಿಗೆಯ ಕಾಯಿದೆಯಲ್ಲಿ ವಸ್ತುರೂಪದ ಕೊಡುಗೆಗೆ ವಿನಾಯಿತಿ ಇಲ್ಲ, ಎರಡು ಸಾವಿರ ರೂಪಾಯಿ ಮೀರಿದ ನಗದಿಗೂ ಇಲ್ಲ. ಒಂದು ಗಾಡಿ ಜೋಳ ಕೊಟ್ಟರೂ ಅದಕ್ಕೆ ಬೆಲೆ ಸೊನ್ನೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಾಯಿದೆ ಹೇಳುತ್ತದೆ. ಒಳ್ಳೆಯದೇ, ಶಾಲೆಗೆ ಶೌಚಾಲಯ ಬಂದರೆ ನಾನೇಕೆ ಬೇಡವೆನ್ನಲಿ? ಆದರೆ ಆ ಶೌಚಾಲಯದ ಮುಂದೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಬೇಕೆಂದು ಕಾಯಿದೆ ಎಲ್ಲಿಯೂ ಹೇಳಿಲ್ಲ.

ಊರನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಸುಗ್ಗಿಯ ಕಣದಲ್ಲಿ ಮೊದಲ ಮೊರ ಬಡವರಿಗೆ ಎಂದು ಹಿರಿಯರು ಕಣ್ಣರಳಿಸಿ ಹೇಳುವಾಗ, ಕಣದ ಆಚೆಯೇ ನಿಂತು ಸೆರಗೊಡ್ಡಬೇಕಾಗಿದ್ದವರು ಯಾವ ಕೇರಿಯವರು ಎಂಬುದನ್ನು ನುಂಗಿಬಿಡುತ್ತಾರೆ. ಪಂಕ್ತಿಯಲ್ಲಿ ದೊಡ್ಡವರಿಗೆ ಬೇರೆ ಕೋಣೆ ಮಾಡಿದ ಮಠಗಳೂ ಇವೆ, ಹೆಸರು ಬೇಡ. ಈಗಂತೂ ಹುಬ್ಬಳ್ಳಿ ಧಾರವಾಡದ ವೃತ್ತಗಳಲ್ಲಿ ಫ್ಲೆಕ್ಸ್ ನೋಡಿದರೆ ಅಮೃತಶಿಲೆಯೇ ಮೇಲು ಎನಿಸುತ್ತದೆ. ನಾಲ್ಕು ಬಾಳೆಹಣ್ಣು, ಹತ್ತು ಕೈ, ನಡುವೆ ಆಸ್ಪತ್ರೆಯ ಮಂಚದ ಮೇಲೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎಂದು ನೋಡುವ ರೋಗಿ. ಅಮೃತಶಿಲೆಯ ಫಲಕದಲ್ಲಿ ಕೊಟ್ಟವನ ಹೆಸರಷ್ಟೇ ಇರುತ್ತದೆ. ಫ್ಲೆಕ್ಸಿನಲ್ಲಿ ಪಡೆದವನ ಮುಖವೂ ಇರುತ್ತದೆ. ನನ್ನ ಜಗಳ ಇರುವುದು ಈ ಎರಡನೆಯದರ ಜೊತೆ. ಚಬೂತರೊ ಕಟ್ಟಿಸಿದವನ ಹೆಸರನ್ನು ಹಕ್ಕಿ ಓದುವುದಿಲ್ಲ, ಮನುಷ್ಯನ ಮಕ್ಕಳು ಓದುತ್ತಾರೆ.

ಇಲ್ಲಿನ ನಮ್ಮ ಕನ್ನಡಿಗರ ಕೂಟದಲ್ಲಿ ಪ್ರತಿ ರಾಜ್ಯೋತ್ಸವಕ್ಕೆ ಕೂಲಿಗೆ ಬಂದ ಉತ್ತರ ಕರ್ನಾಟಕದ ಕುಟುಂಬಗಳ ಮಕ್ಕಳಿಗೆ ನೋಟುಪುಸ್ತಕ ಹಂಚುತ್ತೇವೆ, ವೇದಿಕೆಗೆ ಕರೆದು, ದಾನಿಗಳ ಪಕ್ಕ ನಿಲ್ಲಿಸಿ. ದಾನಿಗಳ ಹೆಸರನ್ನು ವೇದಿಕೆಯ ಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಿರಿ, ಪುಸ್ತಕ ಮಾತ್ರ ಹಿಂದಿನ ದಿನವೇ ಮನೆಗೆ ತಲುಪಲಿ ಎಂದು ಕಳೆದ ಸಭೆಯಲ್ಲಿ ಹೇಳಿದೆ. ಹಾಗಾದರೆ ಮುಂದಿನ ವರ್ಷ ದಾನಿಗಳು ಬರುವುದಿಲ್ಲ ರಾಯರೇ ಎಂದರು ಖಜಾಂಚಿಗಳು. ಬರದಿದ್ದರೆ ಬೇಡ, ಮನೆಗೊಂದು ಪುಸ್ತಕದಂತೆ ನಾವೇ ತಂದು ಒಂದು ಮೇಜಿನ ಮೇಲೆ ಒಟ್ಟೋಣ ಎಂದೆ. ವಿಷಯವನ್ನು ಕಾರ್ಯಕಾರಿ ಸಮಿತಿಗೆ ಒಪ್ಪಿಸಿದ್ದಾರೆ.