ಹಾಸಿಗೆ ಹಾಸುವ ಡ್ರಾಕುಲಾ

ಹೆದರಿಸುವ ಕಥೆ ಅಂದ ಕೂಡಲೇ ನಮ್ಮ ಬಹಳ ಜನಕ್ಕೆ ಅಮಾವಾಸ್ಯೆ ಬೇಕು, ಪಾಳುಬಂಗಲೆ ಬೇಕು, ಊಳಿಡುವ ನಾಯಿ ಬೇಕು. ಇದೆಲ್ಲ ಸಾಲದು ಅಂತ ಒಂದು ಗೂಬೆ. ನನಗಂತೂ ಗೂಬೆ ಬಂದರೆ ಆಕಳಿಕೆ ಬರುತ್ತದೆ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ರಕ್ತಪಿಶಾಚಿಯ ಕಾದಂಬರಿ ‘ಡ್ರಾಕುಲಾ’ದಲ್ಲೂ ಈ ಸಾಮಾನೆಲ್ಲ ಇದೆ. ತೋಳಗಳಂತೂ ಸ್ವಲ್ಪ ಜಾಸ್ತಿಯೇ. ಆದರೆ ನನ್ನ ಮೈ ಜುಮ್ಮೆಂದಿದ್ದು ಬೇರೆ ಕಡೆ.

ಹಾರ್ಕರ್ ಎಂಬ ಯುವ ವಕೀಲ ಮನೆ ಖರೀದಿಯ ಕೆಲಸಕ್ಕೆ ಪೂರ್ವ ಯುರೋಪಿನ ಟ್ರಾನ್ಸಿಲ್ವೇನಿಯಾದಲ್ಲಿರುವ ಕೌಂಟ್ ಡ್ರಾಕುಲಾನ ಕೋಟೆಗೆ ಬರುತ್ತಾನೆ. ಹುರಿದ ಕೋಳಿ, ಚೀಸ್, ಹಳೆಯ ವೈನ್, ಒಳ್ಳೆಯ ಉಪಚಾರವೇ. ಪಾತ್ರೆಗಳೆಲ್ಲ ಬಂಗಾರದವು. ಆದರೆ ಇಷ್ಟು ದೊಡ್ಡ ಮನೆಯಲ್ಲಿ ಒಬ್ಬ ಆಳೂ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ನೋಡಿದರೆ ಕೌಂಟ್ ಸಾಹೇಬರೇ ಹಾಸಿಗೆ ಸರಿಮಾಡುತ್ತಿದ್ದಾರೆ! ಆಮೇಲೆ ಬಾಗಿಲ ಸಂದಿಯಲ್ಲಿ ಇಣುಕಿದರೆ ಊಟದ ಮೇಜು ಅಣಿಮಾಡುತ್ತಿರುವುದೂ ಅವರೇ. ಹಾಗಾದರೆ ಹಾರ್ಕರ್‌ನನ್ನು ಕೋಟೆಗೆ ಕರೆತಂದ ರಾತ್ರಿ ಗಾಡಿ ಹೊಡೆದುಕೊಂಡು ಬಂದವನು, ಕೈಸನ್ನೆಯಲ್ಲೇ ತೋಳಗಳನ್ನು ಸುಮ್ಮನಾಗಿಸಿದವನು ಯಾರು? ಇಲ್ಲಿ ರಕ್ತ ಇಲ್ಲ, ಕೋರೆಹಲ್ಲಿಲ್ಲ. ಇರುವುದು ಮನೆಗೆಲಸ ಮಾತ್ರ.

ಇನ್ನೊಂದು ಕಡೆ ಡ್ರಾಕುಲಾ ಸೋಫಾ ಮೇಲೆ ಮಲಗಿ ಇಂಗ್ಲೆಂಡಿನ ರೈಲ್ವೆ ಟೈಂಟೇಬಲ್ ಓದುತ್ತಿರುತ್ತಾನೆ. ಮೊದಲು ನಗು ಬರುತ್ತದೆ. ಆಮೇಲೆ ಹೊಳೆಯುತ್ತದೆ, ಈತ ಕೋಟೆ ಬಿಟ್ಟು ಹೊರಡುವ ತಯಾರಿಯಲ್ಲಿದ್ದಾನೆ ಅಂತ.

ತಮಾಷೆ ಅಂದ್ರೆ ಸ್ಟೋಕರ್ ಟ್ರಾನ್ಸಿಲ್ವೇನಿಯಾ ಕಂಡವನೇ ಅಲ್ಲ. ಆ ಊರುಕೇರಿಯನ್ನೆಲ್ಲ ಪುಸ್ತಕ ಓದಿಯೇ ಕಟ್ಟಿದ. ಅವನ ನೌಕರಿ ಲಂಡನ್ನಿನ ಲೈಸಿಯಂ ಥಿಯೇಟರಿನ ಮ್ಯಾನೇಜರಿಕೆ. ರಂಗದ ಮೇಲೆ ಬರೀ ಕತ್ತಲೆ ಮಾಡಿದರೆ ಆಗುವುದಿಲ್ಲ, ಕುರ್ಚಿ ಎಲ್ಲಿ, ಬಾಗಿಲು ಯಾವ ಕಡೆ ಅನ್ನುವುದೂ ಗೊತ್ತಿರಬೇಕು. ಆ ಅಭ್ಯಾಸ ಕಾದಂಬರಿಗೂ ಇಳಿದಿದೆ ಅನ್ನುವುದು ನನ್ನ ಊಹೆ.

ಕಥೆಯಲ್ಲಿ ಬರುವ ಇಂಗ್ಲೆಂಡಿನ ವಿಟ್ಬಿಯನ್ನು ಮಾತ್ರ ಅವನು ಕಣ್ಣಾರೆ ಕಂಡಿದ್ದ. 1890ರ ಬೇಸಿಗೆಯಲ್ಲಿ ಆ ಕಡಲೂರಿನಲ್ಲಿ ಉಳಿದಿದ್ದ. ಕಾದಂಬರಿಯಲ್ಲಿ ಅಲ್ಲಿನ ಚರ್ಚಿನ ಸಮಾಧಿಗಳ ನಡುವೆ ಕೂತ ಮುದುಕನೊಬ್ಬ, ಈ ಕಲ್ಲುಗಳೆಲ್ಲ ಸುಳ್ಳು ಹೇಳುತ್ತವೆ ಅನ್ನುತ್ತಾನೆ. ಮೇಲೆ ಹೆಸರಿದೆ, ಕೆಳಗೆ ಹೆಣವಿಲ್ಲ. ಎಷ್ಟೋ ಜನ ಸಮುದ್ರದ ಪಾಲಾದ ನಾವಿಕರು. ಗೂಬೆಗೆ ಇಲ್ಲಿ ಏನು ಕೆಲಸ ಹೇಳಿ?

ಆದರೆ ಕಥೆ ಲಂಡನ್ನಿಗೆ ಬಂದಮೇಲೆ ನನಗೆ ಸಪ್ಪೆ ಅನ್ನಿಸುತ್ತದೆ. ಎಲ್ಲರೂ ಕೂತು ಸಭೆ ಮಾಡುತ್ತಾರೆ, ಟಿಪ್ಪಣಿ ಟೈಪ್ ಮಾಡುತ್ತಾರೆ, ಬೆಳ್ಳುಳ್ಳಿ ಹಿಡಿದು ಓಡಾಡುತ್ತಾರೆ. ಡ್ರಾಕುಲಾ ಅಪರೂಪಕ್ಕೆ ಮುಖ ತೋರಿಸುತ್ತಾನೆ. ನಾನು ಮತ್ತೆ ಮತ್ತೆ ಓದುವುದು ಕೋಟೆಯ ಮೊದಲ ನಾಲ್ಕು ಅಧ್ಯಾಯ, ಆಮೇಲೆ ಆ ಮುದುಕನ ಮಾತು. ಪೂರ್ತಿ ಇಷ್ಟಪಟ್ಟವರು ಇದ್ದರೆ ಬನ್ನಿ, ಜಗಳವಾಡೋಣ.